ಟೂರಮ್ಮ ತೋರಿಸಿದ ಸಮುದ್ರ

ಟೂರಮ್ಮನ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿದದ್ದು ಹಾಗೇ ಸೆಟೆದುಕೊಂಡು ಕೂಡಿಕೊಂಡಿತ್ತು. ಅವರು ಅದನ್ನು ಕುಂದು ಎಂದುಕೊಂಡವರೇ ಅಲ್ಲ. ಮದ್ರಾಸಿನ ಲೈಟ್‌ಹೌಸ್ ಆಗಲಿ, ಕಡಲ ದಂಡೆಯ ಪ್ರತಿಮೆಗಳಾಗಲಿ, ತಲೆಯ ಮೇಲೇ ಇಳಿಯುವಂತೆ ಬರುವ ವಿಮಾನವಾಗಲಿ, ಎಲ್ಲವನ್ನೂ ಆ ಹೆಬ್ಬೆರಳಿನಲ್ಲೇ ತೋರಿಸುತ್ತಿದ್ದರು. ಬಸ್ಸಿನೊಳಗಿನ ಐವತ್ತು ತಲೆಗಳೂ ಬೆರಳು ಹೋದ ಕಡೆಗೆ ಹೊರಳುತ್ತಿದ್ದವು.

ಬರಗೂರಿನ ಪಕ್ಕದ ನಮ್ಮ ಊರಿನ ಶಾಲೆಯಲ್ಲಿ ಅವರು ಬಿಸಿಯೂಟದ ಅಡುಗೆಯವರು, ನಮಗೆ ಪಕ್ಕದ ಮನೆಯವರು. ಪ್ರತಿ ವರ್ಷ ಕಡಲೆಕಾಯಿ ಕಿತ್ತು ಮುಗಿದ ಮೇಲೆ ಶಿರಾದಿಂದ ಒಂದು ಬಸ್ಸು ಗೊತ್ತುಮಾಡಿ, ಸುತ್ತಿನ ಹಳ್ಳಿಗಳ ಹೆಂಗಸರನ್ನು ತುಂಬಿಕೊಂಡು ಮದ್ರಾಸಿಗೆ ಹೊರಡುತ್ತಿದ್ದರು. ಚೆನ್ನೈ ಎಂಬ ಹೆಸರು ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಗಂಡಸರಿಗೆ ಸೀಟಿಲ್ಲ. ಡ್ರೈವರ್ ಒಬ್ಬ ಮಾತ್ರ ಗಂಡಸು, ಶಿರಾದ ಸಾಬರು. ಅವರು ಬೀದಿಯ ಕೊನೆಯಲ್ಲಿ ಹಾರ್ನ್ ಹೊಡೆದು "ಆಪಾ, ಗಾಡಿ ತಯಾರ್" ಎಂದು ಕೂಗಿದರೆ ಊರಿನ ಹೆಂಗಸರ ಎದೆ ಡವಡವ ಎನ್ನುತ್ತಿತ್ತು.

ನಾನು ಆ ಊರಿಗೆ ಸೊಸೆಯಾಗಿ ಬಂದ ಹೊಸದು. ಟೂರಿಗೆ ನನ್ನನ್ನೂ ಕಳಿಸಿ ಎಂದು ಅವರು ನಮ್ಮತ್ತೆಯನ್ನು ಕೇಳಲು ಬಂದಿದ್ದರು.

"ಸಮುದ್ರ ನೋಡ್ಕೊಂಡು ಬಂದು ಏನ್ ಮಾಡ್ತಾಳೆ ಇವ್ಳು?" ಎಂದರು ನಮ್ಮತ್ತೆ.

"ಏನೂ ಮಾಡಲ್ಲ ಕಣಕ್ಕ. ಅದುಕ್ಕೇ ಕರ್ಕೊಂಡು ಓಗ್ತಿರಾದು."

ನಾನು ಹೋದೆ. ಬೆಳಕು ಹರಿಯುವ ಹೊತ್ತಿಗೆ ಮರೀನಾ ದಂಡೆಯ ಹತ್ತಿರ ಬಸ್ಸು ನಿಂತಾಗ ಟೂರಮ್ಮ ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಒಬ್ಬರ ಸೆರಗು ಒಬ್ಬರು ಹಿಡಿದು, ಚಪ್ಪಲಿಯೊಳಗೆ ಮರಳು ತುಂಬಿಕೊಂಡು, ಅಷ್ಟು ದೂರ ಕುರುಡರಂತೆ ನಡೆದೆವು. "ಈಗ ಬುಡಿ" ಎಂದರು. ಕಣ್ಣು ಬಿಟ್ಟೆವು. ಸೂರ್ಯ ನೀರಿನಿಂದ ಆಗಷ್ಟೇ ಏಳುತ್ತಿದ್ದ. ನಾನು ಅತ್ತುಬಿಟ್ಟೆ, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ತಿರುಗಿ ನೋಡಿದರೆ ಟೂರಮ್ಮ ಸಮುದ್ರಕ್ಕೆ ಬೆನ್ನು ಹಾಕಿ ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದರು. ಅವರಿಗೆ ಟೂರು ಎಂದರೆ ಅಷ್ಟೇ ಇರಬೇಕು.

ಗೈಡಾಗಿ ಮಾತ್ರ ಅವರು ದಂಡಪಿಂಡ. ಯಾವ ಪ್ರತಿಮೆ ಯಾರದು ಎಂದು ಕೇಳಿದರೂ "ಇವ್ರು ಬಾಳ ಓದಿದೋರು" ಎಂದೇ ಹೇಳುತ್ತಿದ್ದರು. ಕೈಯಲ್ಲಿ ಕತ್ತಿ ಹಿಡಿದ ಪ್ರತಿಮೆಗೂ ಅದೇ ಮಾತು. ಪ್ರಾಣಿ ಸಂಗ್ರಹಾಲಯದ ಹುಲಿ ಮಲಗಿದ್ದರೆ ಅದು ಎದ್ದು ಓಡಾಡುವವರೆಗೂ ಯಾರನ್ನೂ ಮುಂದಕ್ಕೆ ಬಿಡುತ್ತಿರಲಿಲ್ಲ. ಇಷ್ಟು ದೂರ ಬಂದವರಿಗೆ ಮಲಗಿದ ಹುಲಿ ತೋರಿಸಿ ಕಳಿಸುವುದು ಅನ್ಯಾಯ ಎಂಬುದು ಅವರ ವಾದ.

ಇನ್ನೊಂದು ಪದ್ಧತಿ ಇತ್ತು. ಮನುಷ್ಯರನ್ನು ಕುರಿಗಳಂತೆ ಬೆರಳು ತೋರಿಸಿ ಎಣಿಸಬಾರದು, ಎಣಿಸಿದರೆ ಒಬ್ಬರು ಕಡಿಮೆಯಾಗುತ್ತಾರೆ ಎಂದು ನಮ್ಮ ಕಡೆ ನಂಬಿಕೆ. ಟೂರಮ್ಮ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರ ಕೈಗೂ ಒಂದೊಂದು ಹುಣಸೆ ಬೀಜ ಕೊಡುತ್ತಿದ್ದರು. ವಾಪಸು ಹತ್ತುವಾಗ ಬಾಗಿಲ ಬಳಿ ಇಟ್ಟ ಹಾಲಿನ ಪುಡಿ ಡಬ್ಬಕ್ಕೆ ಅದನ್ನು ಹಾಕಬೇಕು. ಬೀಜಗಳನ್ನು ಮಡಿಲಿಗೆ ಸುರಿದುಕೊಂಡು ಎಣಿಸಿ, ಸರಿ ಇದ್ದರೆ ಡ್ರೈವರ್ ಕಡೆ ಹೆಬ್ಬೆರಳು ಎತ್ತುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಂದು ಬೀಜವೂ ಕಡಿಮೆಯಾಗಿರಲಿಲ್ಲ.

ನಾನು ಎರಡನೇ ಸಲ ಹೋದಾಗ ಮೂರು ವರ್ಷದ ಮಗಳು ಸೊಂಟದಲ್ಲಿದ್ದಳು. ನನ್ನ ಪಕ್ಕದ ಸೀಟಿನಲ್ಲಿ ನಿಡುಗಲ್ಲಿನಿಂದ ಒಬ್ಬರೇ ಬಂದಿದ್ದ ವಿಧವೆ. ಅರವತ್ತರ ಹತ್ತಿರದ ವಯಸ್ಸು, ಅರ್ಧ ಕನ್ನಡ ಅರ್ಧ ತೆಲುಗು. ಅವರನ್ನು ಎಲ್ಲರೂ ನಿಡುಗಲ್ಲಮ್ಮ ಎಂದರು. ತಮ್ಮ ಮಗಳು ಬೇಡವೆಂದರೂ ಜಗಳವಾಡಿ ಬಂದವರಂತೆ. ದಾರಿಯುದ್ದಕ್ಕೂ ನನ್ನ ಮಗಳಿಗೆ ಹುರಿದ ಕಡಲೆಬೀಜ ಸುಲಿದು ಕೊಟ್ಟರು.

ಸಮುದ್ರ ನೋಡಿದ್ದು ಮುಗಿಯಿತು, ಹೊರಡುವ ಹೊತ್ತು. ನಾವಿಬ್ಬರೂ ಹಿಂದೆ ಬಿದ್ದಿದ್ದೆವು. ನಿಡುಗಲ್ಲಮ್ಮ ದೋಣಿಗಳನ್ನು ಎಳೆದಿಟ್ಟಿದ್ದ ಕಡೆ ನಿಂತು ತಮ್ಮ ಬೀಜವನ್ನು ನನ್ನ ಕೈಗೆ ಹಾಕಿದರು.

"ನಂದೂ ಏಸ್ಬುಡು ತಲ್ಲಿ. ಇಂಕೊಕ್ಕ ಸಾರಿ ಕಾಲು ನೆನೆಸ್ಕೊಂಡು ಒಚ್ಚೇಸ್ತಾ."

ಬೀಜ ನೀನೇ ಹಾಕು, ಇನ್ನೊಂದೇ ಸಲ ಕಾಲು ನೆನೆಸಿಕೊಂಡು ಬಂದುಬಿಡುತ್ತೇನೆ ಅಂದರಲ್ಲ, ಬರಲಿ ಎಂದುಕೊಂಡೆ. ನಾನು ತಿರುಗಿ ನೋಡಿದಾಗ ಮೊಣಕಾಲಿನವರೆಗೆ ನೀರಿನಲ್ಲಿದ್ದರು, ಸೀರೆ ಎತ್ತಿ ಹಿಡಿದು ನಗುತ್ತಿದ್ದರು. ಬಸ್ಸಿನ ಬಾಗಿಲಲ್ಲಿ ಎರಡೂ ಬೀಜಗಳನ್ನು ಡಬ್ಬಕ್ಕೆ ಹಾಕಿದೆ. ಹತ್ತಿದ ಕೂಡಲೇ ಮಗಳು ನನ್ನ ಮೈಮೇಲೆಲ್ಲ ವಾಂತಿ ಮಾಡಿಕೊಂಡಳು. ಕಿಟಕಿಯ ಪಕ್ಕ ಗಾಳಿ ಬರಲಿ ಎಂದು ಯಾರೋ ನಮ್ಮನ್ನು ಮುಂದಿನ ಸೀಟಿಗೆ ಕರೆದರು. ಅವಳನ್ನು ಒರೆಸಿ, ನೀರು ಕುಡಿಸಿ, ಮಲಗಿಸುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ನಾನೂ ನಿದ್ದೆ ಹೋದೆ.

ಕಂಚಿಯ ಹತ್ತಿರ ಮರದ ಕೆಳಗೆ ಊಟ ಬಡಿಸುವಾಗ ಒಂದು ತಟ್ಟೆ ಉಳಿಯಿತು.

ಬಸ್ಸು ವಾಪಸು ತಿರುಗಿತು. ಬೀಜ ಸರಿಯಿತ್ತಲ್ಲ ಎಂದು ಟೂರಮ್ಮ ಮತ್ತೆ ಮತ್ತೆ ಹೇಳುತ್ತಿದ್ದರು. ಯಾರೋ ಅಂದರು, "ಬೀಜ ಆಕಿ ಅತ್ಬುಟ್ಟು, ಆಮ್ಯಾಕೆ ಏನಾರ ತಗಳಾಕೆ ಇಳ್ದಿರ್ಬೇಕು." ಎಲ್ಲರೂ ಹೌದೆಂದರು. ನಾನು ಮಾತ್ರ ಈಗ ಹೇಳುತ್ತೇನೆ, ಬಸ್ಸು ನಿಂತ ಮೇಲೆ ಹೇಳುತ್ತೇನೆ ಎಂದುಕೊಂಡೇ ಹೋದೆ. ಬಸ್ಸು ನಿಂತಿತು. ಅವರೆಲ್ಲ ಬಸ್ಸಿನಿಂದ ಇಳಿದವಳನ್ನು ಹುಡುಕಿದರು: ಅಂಗಡಿ ಸಾಲು, ಗುಡಿ ಬೀದಿ, ಬಸ್ ಸ್ಟಾಪು. ಪೊಲೀಸರ ಮುಂದೆಯೂ ಟೂರಮ್ಮ ಹಾಗೇ ಹೇಳಿದರು, ಪಾಪ ಅವರೂ ಹಾಗೇ ಬರೆದುಕೊಂಡರು. ನಾನೊಬ್ಬಳೇ ಮಗಳನ್ನು ಎತ್ತಿಕೊಂಡು ದೋಣಿಗಳ ಹತ್ತಿರ ಹೋಗಿ ನೀರನ್ನು ನೋಡಿಕೊಂಡು ಬಂದೆ. ಅಲ್ಲಿ ಯಾರೂ ಇರಲಿಲ್ಲ. ಅಲೆಗಳು ಬೆಳಗ್ಗೆ ಬಂದ ಹಾಗೇ ಬರುತ್ತಿದ್ದವು. ಬಾಯಿ ಬಿಟ್ಟಿದ್ದರೆ ನನ್ನನ್ನು ಯಾರೂ ನುಂಗುತ್ತಿರಲಿಲ್ಲ. ಆದರೂ ಬಿಡಲಿಲ್ಲ, ಅಷ್ಟೇ.

ಊರಿಗೆ ಬಂದ ಮೇಲೆ ಟೂರಮ್ಮ ಪಂಚಾಯ್ತಿ ಕಟ್ಟೆಯ ಮುಂದೆ ನಿಂತು "ನಂದೇ ತಪ್ಪು, ಕರ್ಕೊಂಡು ಓದೋಳು ನಾನು" ಎಂದರು. ಮರುವರ್ಷದಿಂದ ಬಸ್ಸಿಲ್ಲ. ಸಾಬರು ಬಂದು ಕೂತು ಚಹಾ ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದರು. ನನ್ನ ಫೋನಿನಲ್ಲಿದ್ದ ಗುಂಪಿನ ಫೋಟೋದಿಂದ ನಿಡುಗಲ್ಲಮ್ಮನ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಶಿರಾದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟವಳು ನಾನೇ. ಅದನ್ನು ಹಿಡಿದುಕೊಂಡು ಟೂರಮ್ಮ ತಿಂಗಳಿಗೊಂದು ಸಲ ಒಬ್ಬರೇ ಮದ್ರಾಸಿಗೆ ಹೋದರು, ನಾಲ್ಕು ವರ್ಷ. ಅನಾಥಾಶ್ರಮ, ಆಸ್ಪತ್ರೆ, ಮಾರ್ಕೆಟ್ಟು, ರೈಲ್ವೆ ಸ್ಟೇಷನ್. "ಇಂದ ಅಮ್ಮಾವೆ ಪಾತ್ತೀಂಗಳಾ" ಎಂಬ ಒಂದು ಮಾತು ಕಲಿತಿದ್ದರು, ಈ ಅಮ್ಮನನ್ನು ನೋಡಿದಿರಾ ಎಂದು. ಅವರಿಗೆ ಬರುತ್ತಿದ್ದ ತಮಿಳು ಅಷ್ಟೇ. ವಾಪಸು ಬಂದಾಗ ಕಾಲು ಊದಿಕೊಂಡಿರುತ್ತಿದ್ದವು. ನಾನು ಬಿಸಿನೀರು ಕಾಯಿಸಿ ಕೊಡುತ್ತಿದ್ದೆ. "ನಿನ್ನಂತೋಳು ಪಕ್ಕದಾಗವ್ಳೆ, ಅದೇ ನನ್ ಪುಣ್ಯ" ಎನ್ನುತ್ತಿದ್ದರು. ಆ ಮಾತಿಗಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಐದನೇ ವರ್ಷ ಹಾಸಿಗೆ ಹಿಡಿದರು. ಏದುಸಿರು ನಿಲ್ಲುತ್ತಿರಲಿಲ್ಲ, ಎದ್ದು ಕೂರಲೂ ಆಗದು. ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. "ಮುಂದಿನ್ ತಿಂಗ್ಳು ಎದ್ರೆ ಆ ಎಗ್ಮೋರ್ ಟೇಸನ್ ತಾವ ಇನ್ನೊಂದ್ಸಲ ನೋಡ್ಬೇಕು ಕಣಮ್ಮ. ಬಸ್ ಇಳ್ದೋಳು ಅಲ್ಲೇ ಎಲ್ಲೋ ಅವ್ಳೆ" ಎಂದರು. ನನ್ನಿಂದ ತಡೆಯಲಾಗಲಿಲ್ಲ. ಎರಡು ಬೀಜ ಹಾಕಿದ್ದು ನಾನು ಎಂದು ಹೇಳಿಬಿಟ್ಟೆ.

ಅವರು ಕೇಳಿದರು, "ಯಾವ್ ತಾವ ಇದ್ಲು?"

"ದೋಣಿ ಹತ್ರ."

"ನೀರ್ನಾಗಾ?"

"ಮೊಣಕಾಲು ತನಕ."

"ನಾನು ನಾಕು ವರ್ಸ ಬೀದಿ ಬೀದಿ ಸುತ್ತಿದ್ನಲ್ಲಮ್ಮ" ಎಂದರು. ಬಯ್ಯುವ ಧ್ವನಿಯಲ್ಲ, ಲೆಕ್ಕಕ್ಕೆ ಸಿಗದ ಏನನ್ನೋ ನೆನೆಯುವಂತೆ. "ಮೀನು ಇಡಿಯೋರ್ನ ಒಂದ್ ಮಾತು ಕೇಳ್ಲಿಲ್ಲ."

ಗಂಜಿ ಮುಟ್ಟಲಿಲ್ಲ. ಗೋಡೆಯ ಕಡೆ ಹೊರಳಿದರು. ಅದಾದ ಮೇಲೆ ದಿನವೂ ಹೋದೆ, ನನ್ನ ಕೈಯ ನೀರು ಕುಡಿದರು, ಔಷಧಿ ತೆಗೆದುಕೊಂಡರು, ನನ್ನ ಮುಖ ಮಾತ್ರ ನೋಡಲಿಲ್ಲ. ಹನ್ನೊಂದನೇ ದಿನ ಹೋಗಿಬಿಟ್ಟರು. ನಾನು ಹೇಳಿದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಸಾವಿನ ಸುದ್ದಿ ತಿಳಿದು ನಿಡುಗಲ್ಲಿನಿಂದ ನಿಡುಗಲ್ಲಮ್ಮನ ಮಗಳು ಬಂದಳು. ಪಾವಗಡದ ಬಸ್ಸು ಹಿಡಿದು, ಊರು ಕೇಳಿಕೊಂಡು, ಹಣ್ಣುಕಾಯಿ ಹಿಡಿದು ಬಂದಿದ್ದಳು. ತಾಯಿಯ ತಿಥಿಯನ್ನೂ ಮಾಡದೆ ಕಾಯುತ್ತಿದ್ದವಳು ಅವಳು. ಹೊರಗೆ ಮಲಗಿಸಿದ್ದ ಟೂರಮ್ಮನ ಕಾಲ ಮೇಲೆ ಹಣೆ ಇಟ್ಟು ಅತ್ತಳು.

"ನಮ್ಮಮ್ಮನ್ನ ಕ್ಷಮಿಸ್ಬುಡು ತಾಯಿ. ಏಳ್ದೆ ಕೇಳ್ದೆ ಬಸ್ ಇಳ್ದೋಗಿ ನಿನ್ ಜೀವ ತಿಂದ್ಬುಟ್ಳು."

ನಾನು ಪಕ್ಕದಲ್ಲೇ ಇದ್ದೆ. ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಿದೆ, ಸೆರಗಿನಿಂದ ಅವಳ ಮುಖ ಒರೆಸಿದೆ. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಇನ್ನಷ್ಟು ಅತ್ತಳು. ನಾನು ಅವಳ ಬೆನ್ನು ಸವರುತ್ತ ನಿಂತೆ.