ಮಣೆಯ ಮೇಲಿನ ಕ್ಯಾಮೆರಾ

ಹರಳೆಣ್ಣೆಯ ವಾಸನೆ ಮರದಿಂದ ಸುಲಭಕ್ಕೆ ಹೋಗುವುದಿಲ್ಲ. ಕಳೆದ ತಿಂಗಳು ನಾರ್‌ಕ್ರಾಸಿನ ಅಪ್ಪನ ಅಪಾರ್ಟ್‌ಮೆಂಟಿನಲ್ಲಿ ಒಂದು ಪೆಟ್ಟಿಗೆ ಬಿಚ್ಚಿದಾಗ ಮೊದಲು ಬಂದದ್ದು ಆ ವಾಸನೆ, ಆಮೇಲೆ ಕೈಗೆ ಸಿಕ್ಕಿದ್ದು ಮಣೆ. ಮೈಸೂರಿನಿಂದ ಈ ದೇಶಕ್ಕೆ ಬರುವಾಗ ಎಣ್ಣೆಸ್ನಾನಕ್ಕೆಂದು ಅಮ್ಮ ಸೂಟ್‌ಕೇಸಿನಲ್ಲಿ ತುರುಕಿಕೊಂಡು ಬಂದದ್ದು. ಲಾರೆನ್ಸ್‌ವಿಲ್‌ನ ನಮ್ಮ ಹಳೆಯ ಮನೆಯಲ್ಲಿ ಅದಕ್ಕೆ ಕ್ಯಾಮೆರಾ ಸ್ಟ್ಯಾಂಡ್ ಆಗಿ ಬಡ್ತಿ ಸಿಕ್ಕಿತು.

ಲಾಕ್‌ಡೌನಿನ ವರ್ಷ ನಾನು ಮಿಡಲ್ ಸ್ಕೂಲಿನಲ್ಲಿದ್ದೆ. ಬೇಸ್‌ಮೆಂಟಿನಲ್ಲಿ ಅಪ್ಪನ ಮೀಟಿಂಗು, ಮಹಡಿಯಲ್ಲಿ ನನ್ನ ಮತ್ತು ತಮ್ಮನ ಆನ್‌ಲೈನ್ ಕ್ಲಾಸು. ನಡುವೆ ಒಬ್ಬಳೇ ಉಳಿದ ಅಮ್ಮನಿಗೆ ಹಳೆಯ ಜಪಾನಿ ಸಿನಿಮಾಗಳ ಹುಚ್ಚು ಹಿಡಿಯಿತು. ಅವಳಿಗೆ ಇಷ್ಟವಾದ ಆ ಕಪ್ಪು ಬಿಳುಪು ಚಿತ್ರಗಳಲ್ಲಿ ಕ್ಯಾಮೆರಾ ನೆಲದ ಮೇಲೆ ಕೂತವರ ಕಣ್ಣಿನ ಮಟ್ಟದಲ್ಲಿರುತ್ತಿತ್ತು, ಅಲ್ಲಾಡುತ್ತಿರಲಿಲ್ಲ. ಕಾಗದದ ಬಾಗಿಲು ಸರಿಸಿ ಜನ ಹೊರಟುಹೋದ ಮೇಲೂ ಖಾಲಿ ಕೋಣೆಯನ್ನು, ಗೋಡೆಯ ಬಿಸಿಲನ್ನು ನೋಡುತ್ತಲೇ ಇರುತ್ತಿತ್ತು. ನಮಗೆ ಆಕಳಿಕೆ ಬರುತ್ತಿತ್ತು. ಅಮ್ಮ ಮಾತ್ರ ಕಣ್ಣು ಮಿಟುಕಿಸುತ್ತಿರಲಿಲ್ಲ.

ಅವಳೂ ಹಾಗೇ ವಿಡಿಯೋ ತೆಗೆಯತೊಡಗಿದಳು. ಅಕ್ಕಿ ಡಬ್ಬದ ಮೇಲೆ ಮಣೆ, ಮಣೆಯ ಮೇಲೆ ಒಗ್ಗರಣೆ ಡಬ್ಬಿಗೆ ಒರಗಿಸಿದ ಫೋನು. ನಮ್ಮನ್ನು ಡೈನಿಂಗ್ ಟೇಬಲ್ಲಿನಿಂದ ನೆಲಕ್ಕಿಳಿಸಿದಳು; ಅಪ್ಪ ಮಂಡಿ ಹಿಡಿದುಕೊಂಡು ಗೊಣಗಿದರು. ಮೊಸರನ್ನಕ್ಕೆ ತಮ್ಮ ಕೆಚಪ್ ಹಾಕಿಕೊಂಡದ್ದು, ಅಪ್ಪ ಆಫೀಸಿನ ಶರಟಿನ ಕೆಳಗೆ ಪಂಚೆಯುಟ್ಟು ಊಟಕ್ಕೆ ಬಂದದ್ದು, ಎಲ್ಲ ಅದರಲ್ಲಿದೆ. ನಾವೆದ್ದು ಹೋದ ಮೇಲೂ ರೆಕಾರ್ಡಿಂಗ್ ನಡೆದೇ ಇರುತ್ತಿತ್ತು. ಯಾರೂ ಇಲ್ಲವಲ್ಲ, ಸ್ಟಾಪ್ ಮಾಡು ಎಂದರೆ ನಗುತ್ತಿದ್ದಳು.

"ಇರೇ, ರೂಮ್ ಇನ್ನೂ ಇದೆಯಲ್ಲ."

ಎರಡು ಚಳಿಗಾಲ ಕಳೆದ ಮೇಲೆ ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡಳು. ಅಪ್ಪ ಮನೆ ಮಾರಿದರು. ಆ ವಿಡಿಯೋಗಳಲ್ಲಿ ನಾವೆಲ್ಲ ಇದ್ದೇವೆ, ತೆಗೆದವಳು ಮಾತ್ರ ಇಲ್ಲ ಎಂದುಕೊಂಡಿದ್ದೆ. ಫೋಟೋಗಳಿವೆ, ಆದರೆ ಅವುಗಳಲ್ಲಿರುವುದು ಸಿಂಗರಿಸಿಕೊಂಡು ನಿಂತ ಅಮ್ಮ. ಮನೆಯಲ್ಲಿ ಸುಮ್ಮನೆ ಇರುತ್ತಿದ್ದ ಅವಳ ಮುಖ ನನಗೆ ಮರೆಯತೊಡಗಿತ್ತು. ಮನೆಯವರನ್ನು ಕಳೆದುಕೊಂಡಿದ್ದರೆ ನಿಮಗೂ ಈ ಹೆದರಿಕೆ ಗೊತ್ತಿರಬಹುದು.

ವಿಡಿಯೋದಲ್ಲಿ ನಾವೆದ್ದು ಹೋದೊಡನೆ ಅದನ್ನು ಮುಚ್ಚುವುದು ನನ್ನ ಅಭ್ಯಾಸ. ಪೆಟ್ಟಿಗೆ ಬಿಚ್ಚಿದ ದಿನ ಮಣೆ ತೊಡೆಯ ಮೇಲಿತ್ತು. ಒಂದು ವಿಡಿಯೋವನ್ನು ಹಾಗೇ ಓಡಲು ಬಿಟ್ಟೆ. ಎಂಜಲು ತಟ್ಟೆಗಳು, ಕಿಟಕಿಯ ಬಿಸಿಲು, ಬಹಳ ಹೊತ್ತು ಅಷ್ಟೇ. ಆಮೇಲೆ ಅಮ್ಮನ ಪಾದಗಳು ಬಂದವು, ನೈಟಿಯ ಅಂಚು ಬಂತು. ರೆಕಾರ್ಡಿಂಗ್ ನಿಲ್ಲಿಸಲು ಅವಳು ನೆಲದ ಮೇಲೆ ಕೂತಳು. ಕ್ಯಾಮೆರಾ ಇದ್ದ ಎತ್ತರಕ್ಕೆ ಸರಿಯಾಗಿ ಅವಳ ಮುಖ ಬಂತು. ಕೂಡಲೇ ನಿಲ್ಲಿಸಲಿಲ್ಲ, ನಾವು ಕೂತಿದ್ದ ಜಾಗವನ್ನು ಒಮ್ಮೆ ತಿರುಗಿ ನೋಡಿದಳು. ಆಮೇಲೆ ಫೋನಿನತ್ತ ಕೈ ಚಾಚಿದಳು.