ಗಿಳಿಯ ಬಾಲದ ಗಂಟು

ಪಲ್ಲವಿ, ರೋಹಿತ, ಇದನ್ನು ಪುಣೆಯ ಕ್ಯಾಂಪ್ ಪೇಟೆಯ ದಾರದ ಅಂಗಡಿಯೊಂದರಲ್ಲಿ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಅತ್ತೆ ಪಕ್ಕದ ಅಂಗಡಿಗೆ ಹೋಗಿದ್ದಾಳೆ.

ರೋಹಿತ, ನಿನ್ನ ದಿಂಬಿನ ಗವಸಿನ ಮೇಲೆ ಕಸೂತಿ ಹಾಕುತ್ತಿದ್ದ ಗಿಳಿಗೆ ಹಸಿರು ದಾರ ಸಾಲದೆ ಬಂದಿತ್ತು. ನನಗೆ ಮರಾಠಿ ಬಾರದು. ಬಂದರೂ ಅಂಗಡಿಯಲ್ಲಿ ಬಾಯಿ ಬಿಡುವವಳಲ್ಲ. ಸುಮ್ಮನೆ ಗವಸನ್ನೇ ಮುಂದಿಟ್ಟೆ. ಅಂಗಡಿಯ ಹೆಂಗಸು ಗಿಳಿಯ ಕಡೆ ಕಣ್ಣೂ ಹಾಯಿಸದೆ ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದಳು. ಕಸೂತಿ ಬಲ್ಲವರು ನೋಡುವುದೇ ಹಾಗೆ. ಗಂಟು ಹಾಕದೆ ಹೊಲಿಯಬೇಕು, ಎರಡೂ ಬದಿ ಒಂದೇ ತರಹ ಕಾಣಬೇಕು. ಗಿಳಿಯ ಬಾಲದ ಹಿಂದೆ ಕಡಲೆಕಾಳಿನಷ್ಟು ದಪ್ಪ ಗಂಟು ಕಂಡು ಅವಳು ನಕ್ಕಳು, ಮರಾಠಿಯಲ್ಲಿ ಏನೋ ಅಂದು ಕತ್ತರಿ ಎತ್ತಿಕೊಂಡಳು.

ಪಲ್ಲವಿ, ಆ ಬಾಲ ರಜೆಯಲ್ಲಿ ನನ್ನ ತೊಡೆಯ ಮೇಲೆ ಕುಳಿತು ನೀನು ಹಾಕಿದ್ದು.

“ಬ್ಯಾಡ್ರಿ, ಅದು ನನ್ನ ಮೊಮ್ಮಗಳದು,” ಎಂದು ಅವಳ ಕೈ ಹಿಡಿದುಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಕನ್ನಡದವ್ರೇನ್ರಿ ಅಜ್ಜಿ? ಮೊದಲ ಹೇಳಬಾರದ? ನಾ ಗಂಟ ಹಾಕಿದ್ರ ನಮ್ಮವ್ವ ಎಲ್ಲಾ ಬಿಚ್ಚಸ್ತಿದ್ಲು.”

“ನಾನೂ ಬಿಚ್ಚಸಾಕಿರಿ. ಆದ್ರ ಕೂಸು, ‘ಗಿಳಿ ಹಾರಿ ಹೋಗ್ತದ, ಅದಕ್ಕ ಕಟ್ಟೀನಿ’ ಅಂತು.”

ಅವಳು ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು.

“ಭಾಳ ಗಟ್ಟಿ ಕಟ್ಟ್ಯಾಳ್ರಿ. ಎಲ್ಲಿಗೂ ಹೋಗೂದಿಲ್ಲ ಬಿಡ್ರಿ.”

ಕತ್ತರಿ ಕೆಳಗಿಟ್ಟು, ಗವಸನ್ನು ಬಾಗಿಲಿನ ಬಿಸಿಲಿಗೆ ಒಯ್ದು, ಈಗ ಒಂದೊಂದೇ ಹಸಿರು ಎಳೆಯನ್ನು ಗಿಳಿಯ ಪಕ್ಕ ಹಿಡಿದು ನೋಡುತ್ತಿದ್ದಾಳೆ.

ದಿಂಬಿಗೆ ತಲೆಯಿಟ್ಟಾಗ ಕೆನ್ನೆಗೆ ಏನಾದರೂ ಒತ್ತಿದರೆ, ರೋಹಿತ ಮಗಾ, ತಲೆಯನ್ನು ಸ್ವಲ್ಪ ಈಚೆ ಸರಿಸಿಕೋ.