ಕಾಗೆಗೆ ಸೀಟು ಸಿಗುವ ತನಕ

ನಾಳೆ ಕ್ಲಾಸಿನಲ್ಲಿ ನನ್ನ ಮೊದಲ ಸೆಮಿನಾರು. ಮಧ್ಯದಲ್ಲೇ ಮಾತು ನಿಂತುಬಿಟ್ಟರೆ ಎಂಬ ಭಯ. ರೂಮ್‌ಮೇಟ್ ನನಗಾಗಿ ಚಾರ್ಟು ಬರೆಯಲು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಳು. ಆ ವಾಸನೆಗೆ, ನಾನು ಚಿಕ್ಕವಳಿದ್ದಾಗ ಅಮೆರಿಕದ ಫ್ರೀಮಾಂಟಿನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟು ನೆನಪಾಯಿತು.

ಕಂಪನಿ ಮುಚ್ಚಿದ ದಿನ ಅಪ್ಪ ಆಫೀಸಿನಿಂದ ಒಂದು ಡಬ್ಬಿ ವಿಸಿಟಿಂಗ್ ಕಾರ್ಡು ತಂದಿದ್ದರು. ಮಂಡ್ಯದಿಂದ ಬಂದಿದ್ದ ಅಜ್ಜಿ ಅವುಗಳ ಖಾಲಿ ಹಿಂಬದಿಯಲ್ಲಿ ನನ್ನ ಸ್ಕೆಚ್ ಪೆನ್ನಿನಿಂದ ಕಾಗೆ, ಬಾವಿ, ಬಸ್ಸು ಎಲ್ಲದರ ಚಿತ್ರ ಬರೆದು ಒಂದು ಆಟ ಕಟ್ಟಿದಳು. ಮೂರು ಕಾರ್ಡು ಎತ್ತಿ, ಮೂರೂ ಬರುವ ಹಾಗೆ ಕಥೆ ಕಟ್ಟಬೇಕು. ಕೇಳುವವರು ‘ಹೂಂ’ ಅನ್ನುತ್ತಿರಬೇಕು.

“ಕಾಗೆ ಬಸ್ ಹತ್ತಿತು, ದೆನ್... ಐ ಡೋಂಟ್ ನೋ, ಅಜ್ಜಿ.”

“ಹೂಂ.”

“ನಾನು ಏನೂ ಹೇಳೇ ಇಲ್ಲ.”

“ಕಾಗೆ ಸೀಟು ಹುಡುಕ್ತಾ ಅದೆ ಕಣವ್ವ. ಕುಂತ್ಕೊಳ್ಲಿ, ಆಮೇಕೆ ಹೇಳು. ಹೂಂ.”

ದಿನವಿಡೀ ಮಾತಿಲ್ಲದೆ ಸೋಫಾದಲ್ಲಿ ಕೂತಿರುತ್ತಿದ್ದ ಅಪ್ಪನೂ ಮೆಲ್ಲಗೆ “ಹೂಂ” ಅಂದರು. ಮುಂದೆ ನಾವು ಊರಿಗೆ ಮರಳಿದೆವು, ನಾನು ಹಾಸ್ಟೆಲ್ ಸೇರಿದೆ, ಕಾರ್ಡುಗಳು ಎಲ್ಲಿ ಹೋದವೋ.

ಇವತ್ತು ಸೆಮಿನಾರು ಹೇಳಿ ನೋಡುವಾಗ ಎರಡನೇ ಸಾಲಿಗೇ ಮಾತು ನಿಂತಿತು. ರೂಮ್‌ಮೇಟ್ ಚಾರ್ಟಿನಿಂದ ತಲೆ ಎತ್ತದೆ, “ಹೂಂ, ಆಮೇಲೆ?” ಅಂದಳು.

ಕಾಗೆ ಕೂತುಕೊಳ್ಳುವ ತನಕ ಕಾದು, ಮೂರನೇ ಸಾಲು ಹೇಳಿದೆ.